ಎಡಗಡೆ ಬಾಗಿಲು

ನ್ಯೂಜಿಲೆಂಡಿನ ಅಪ್ಪರ್ ಹಟ್ ಊರಿಗೆ ಹೋಗುವ ರೈಲಿನಲ್ಲಿ ಡ್ಯೂಟಿ ಮುಗಿಸಿದ ಇಬ್ಬರು ನರ್ಸುಗಳು ನನ್ನೆದುರು ಕೂತಿದ್ದರು.

“ಕನೀಜಕ್ಕಾ, ನಿಮ್ಮೆಜಮಾನ್ರು ಗ್ಯಾರೇಜಲ್ಲಿ ಬಿಚ್ಚಿಟ್ಟಿದ್ದ ಹಳೇ ಅಮೆರಿಕನ್ ಕಾರು ಏನಾಯ್ತು?”

“ಹೊಸಾ ಪಿಸ್ಟನ್ ಹಾಕಿ ಎಂಜಿನ್ ಕೂಡಿಸ್ಯಾರವಾ. ನಿನ್ನೆ ಮೊದಲ್ನೇ ಸಲ ಹೊರಗ ತಗದ್ರು.”

“ನಿಮ್ಗೆ ಮುಟ್ಟಕ್ಕೂ ಬಿಡ್ತಿರ್ಲಿಲ್ವಲ್ಲ!”

“ಹೌದು. ನಾ ದಿನಾ ಕೂಡೂ ಹಂಗ ಎಡಗಡೆ ಬಾಗ್ಲಾ ತಗದು ಕೂತೆ. ನೋಡಿದ್ರ ಸ್ಟೀರಿಂಗ್ ನನ್ನ ಮುಂದ! ಅಮೆರಿಕಾದ ಕಾರಿಗೆ ಅದು ಎಡಕ್ಕಿರ್ತದ ಅನ್ನೂದು ಮರತೇ ಬಿಟ್ಟಿದ್ದೆ.”

“ಅಯ್ಯೋ! ಬೈದ್ರಾ?”

“ಇಲ್ಲ. ಸುತ್ತಿ ಬಂದು ಬಲಗಡೆ ಕೂತ್ರು. ಆಮ್ಯಾಲೆ ಕೀಲಿ ನನ್ನ ಕೈಯಾಗಿಟ್ರು.”

ರೈಲು ನಿಂತಿತು. ಸ್ಟೇಷನ್ನಿನ ಹೊರಗೆ ಒಂದು ಉದ್ದನೆಯ ಕೆಂಪು ಕಾರು ಕಾಯುತ್ತಿತ್ತು. ಕನೀಜ್ ಎಡಗಡೆ ಬಾಗಿಲಿನತ್ತ ನಡೆದರು. ಬಲಗಡೆ ಸೀಟಿನಲ್ಲಿ ಅವರ ಯಜಮಾನರು, ಕಾರು ಹೊರಡುವ ಮೊದಲೇ, ಡ್ಯಾಶ್‌ಬೋರ್ಡನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ಕೂತಿದ್ದರು.