ಮೇಷ್ಟ್ರ ಕಾರಿಗೆ ಮೂರು ಏಟು

ಇದು ಯಾರೋ ಎಲ್ಲೋ ಕೇಳಿದ ಕತೆ ಅಲ್ಲ. ನನ್ನ ಚಿಕ್ಕಪ್ಪನ ಮಗನಿಗೆ ಆದದ್ದು. ಕಾರು ರಿಪೇರಿ ಮಾಡ್ತಾನೆ. ಊಟಕ್ಕೆ ಕೂತಾಗಲೂ ಜೇಬಲ್ಲಿ ನಟ್ಟು ಬಿಚ್ಚೋ ಪಾನಾ ಒಂದು ಇರೋದ್ರಿಂದ ಎಲ್ಲರೂ ಅವನನ್ನ ಪಾನಾ ಅಂತಲೇ ಕರೀತಾರೆ. ದೆವ್ವ ಅಂದ್ರೆ ಹೊಟ್ಟೆ ಹಿಡ್ಕೊಂಡು ನಗ್ತಿದ್ದ ಆಸಾಮಿ. ನೀವೂ ನಗೋದಾದ್ರೆ ಈಗಲೇ ನಕ್ಕುಬಿಡಿ... ನಡುವೆ ನಕ್ಕರೆ ನಾನು ಎದ್ದು ಹೋಗ್ತೀನಿ.

ಅವತ್ತು ರಾತ್ರಿ ಹನ್ನೊಂದೂವರೆ. ಪಾನಾ ಬೈಪಾಸ್ ಕಡೆಯಿಂದ ಹಳೇ ಬಾವಿ ದಾರೀಲಿ ಒಬ್ಬನೇ ನಡ್ಕೊಂಡು ಬರ್ತಿದ್ದ. ಕೈಯಲ್ಲಿ ಕಾರಿನ ಕೀ ಇತ್ತು. ಕಾರು ಇರಲಿಲ್ಲ. ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದು ಓಡೋವಾಗ ಎಲ್ಲಿ ಕಳಚಿತೋ ಅವನಿಗೇ ಗೊತ್ತಿಲ್ಲ.

ಬಾವಿ ಕಟ್ಟೆ ಹತ್ತಿರ ಬಂದ. ಹಿಂದೆ ಸದ್ದು.

ದಬ್... ದಬ್... ದಬ್.

ನಿಂತ. ಸದ್ದೂ ನಿಂತಿತು. ಕಲ್ಲು ಬಿದ್ದ ಸದ್ದಲ್ಲ, ನೀರಿನ ಸದ್ದಲ್ಲ. ಅರ್ಧ ಖಾಲಿಯಾದ ಪೆಟ್ರೋಲ್ ಟ್ಯಾಂಕಿನ ಹೊಟ್ಟೆಗೆ ಯಾರೋ ಚಪ್ಪಲಿಯಿಂದ ಹೊಡೆದ ಸದ್ದು. ಕಾರು ಮಾತ್ರ ಅಲ್ಲಿಂದ ಒಂದೂವರೆ ಕಿಲೋಮೀಟರ್ ಹಿಂದೆ, ರಸ್ತೆ ಪಕ್ಕ ನಿಂತಿತ್ತು. ಪಾನಾ ತಿರುಗಿ ನೋಡಲಿಲ್ಲ. ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನ ಹೇಳಿಕೊಟ್ಟವನೇ ಅವನು.

ಹೇಳ್ತೀನಿ, ತಾಳಿ.

ಅದಕ್ಕೆ ಎರಡು ತಿಂಗಳ ಹಿಂದೆ ಸ್ಕೂಲ್ ಮೇಷ್ಟ್ರೊಬ್ಬರು ಅವರ ಕಾರನ್ನ ಪಾನಾ ಶೆಡ್ಡಿಗೆ ತಂದಿದ್ರು. ಒಳ್ಳೇ ಮನುಷ್ಯ. ದಪ್ಪ ಆಳು, ಅವರು ಕೂತರೆ ಕಾರು ಒಂದು ಕಡೆ ವಾಲೋದು, ಅದಕ್ಕೆ ಅವರೇ ಜೋಕ್ ಮಾಡೋರು. ಕಾರಿಗೆ ರೋಗ ಏನಂದ್ರೆ, ಓಡ್ತಾ ಓಡ್ತಾ ಪುಸಕ್ ಅಂತ ನಿಂತುಬಿಡೋದು. ಪಾನಾ ಕೀ ತಿರುಗಿಸಿ ಕಿವಿ ಕೊಟ್ಟ. ಪೆಟ್ರೋಲ್ ಪಂಪು ಇರೋದು ಟ್ಯಾಂಕಿನೊಳಗೆ, ಹಿಂದಿನ ಸೀಟಿನ ಕೆಳಗೆ. ಕೀ ಅರ್ಧ ತಿರುಗಿಸಿದ ಕೂಡಲೇ ಅಲ್ಲಿಂದ ಗುಂಯ್... ಅಂತ ಎರಡು ಸೆಕೆಂಡು ಸದ್ದು ಬರಬೇಕು. ಬಂದ್ರೆ ಪಂಪಿಗೆ ಜೀವ ಇದೆ ಅಂತ. ಮೇಷ್ಟ್ರ ಕಾರಲ್ಲಿ ಒಂದು ಸಲ ಬಂತು, ಎರಡು ಸಲ ಬರಲಿಲ್ಲ.

"ಪಂಪು ಹೋಗಿದೆ ಮೇಷ್ಟ್ರೇ. ಹೊಸದು ತರಿಸಬೇಕು, ಒಂದು ವಾರ ಆಗುತ್ತೆ."

"ವಾರ ಗಾಡಿ ಇಲ್ಲದೆ ಹೇಗಪ್ಪಾ? ಮನೆಯವಳಿಗೆ ಆಸ್ಪತ್ರೇಲಿ ನರ್ಸ್ ಕೆಲಸ, ಪಾಳಿ ಮುಗಿಯೋಷ್ಟರಲ್ಲಿ ರಾತ್ರಿ ಆಗುತ್ತೆ. ಕರ್ಕೊಂಡು ಬರಬೇಕಲ್ಲ."

ಈ ಕಸುಬಿನವರಿಗೆ ಒಂದು ಕೆಟ್ಟ ಚಟ ಇದೆ. ರಿಪೇರಿ ಆಗದಿದ್ರೆ ಉಪಾಯ ಹೇಳಿ ಕಳಿಸೋದು. ಗಿರಾಕಿ ಬರಿಗೈಲಿ ಹೋದ್ರೆ ಇವರ ಮರ್ಯಾದೆ ಹೋದ ಹಾಗೆ. ಪಾನಾ ಮೇಷ್ಟ್ರನ್ನ ಕಾರಿನ ಹಿಂದೆ ಕೂರಿಸಿ, ಟ್ಯಾಂಕಿನ ತಳ ತೋರಿಸಿದ. "ಗಾಡಿ ನಿಂತುಹೋದ್ರೆ ಹೆದರಬೇಡಿ. ಒಬ್ಬರು ಒಳಗೆ ಕೀ ಹಿಡ್ಕೊಂಡು ಕೂತಿರಿ. ಇನ್ನೊಬ್ಬರು ಇಲ್ಲಿ ಕೆಳಗೆ ಚಪ್ಪಲಿ ತಗೊಂಡು ಮೂರು ಏಟು ಹಾಕಿ. ಪಂಪು ಎದ್ದೇಳುತ್ತೆ. ಗುಂಯ್ ಅಂದ ತಕ್ಷಣ ಸ್ಟಾರ್ಟ್ ಮಾಡಿ. ವಾರ ಪೂರ್ತಿ ಹೀಗೇ ಓಡಿಸಬಹುದು, ನಾನಿದ್ದೀನಿ."

ನಾನಿದ್ದೀನಿ ಅಂದ ಬೇರೆ.

ಮೂರನೇ ದಿನ ರಾತ್ರಿ ಮೇಷ್ಟ್ರು ಹೆಂಡತೀನ ಕರ್ಕೊಂಡು ಬರೋವಾಗ ಬೈಪಾಸಿನ ತಿರುವಲ್ಲಿ ಕಾರು ನಿಂತಿತು. ನರ್ಸಮ್ಮ ಸ್ಟಿಯರಿಂಗ್ ಹಿಡ್ಕೊಂಡು ಕೂತರು. ಮೇಷ್ಟ್ರು ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಕಾರಿನ ಹಿಂದೆ, ಕಾಲು ರಸ್ತೆ ಕಡೆ ಚಾಚಿಕೊಂಡು ಮಲಗಿದ್ರು. ಲೈಟ್ ಇಲ್ಲದ ಒಂದು ಲಾರಿ ಬಂತು... ಕಾರಿಗೆ ಒಂದು ಗೀರೂ ಆಗಲಿಲ್ಲ. ಮೇಷ್ಟ್ರು ಮಾತ್ರ ಉಳೀಲಿಲ್ಲ.

ಸಾವಿನ ಮನೆಗೆ ಪಾನಾನೂ ಹೋಗಿದ್ದ. ಮೇಷ್ಟ್ರ ತಾಯಿ ಎಲ್ಲರ ಮುಂದೆ ಕೇಳಿದ್ರು, "ಕೆಟ್ಟ ಗಾಡೀನ ಯಾಕಪ್ಪಾ ಕೊಟ್ಟು ಕಳಿಸಿದೆ?" ಅಷ್ಟು ಜನ ಅವನ ಮುಖಾನೇ ನೋಡ್ತಿದ್ರು. "ತೆಗೀಬೇಡಿ ಅಂತ ಬಡ್ಕೊಂಡೆ ಅಮ್ಮ. ಸಿಸ್ಟರ್‌ಗೆ ಕಷ್ಟ ಆಗುತ್ತೆ ಅಂತ ಮೇಷ್ಟ್ರು ಕೇಳಲೇ ಇಲ್ಲ," ಅಂದುಬಿಟ್ಟ.

ಒಂದೇ ಒಂದು ಮಾತು. ಅವತ್ತಿನಿಂದ ಆ ಮುದುಕಿ ಸೊಸೆ ಜೊತೆ ಮಾತು ಬಿಟ್ಟರು. ನನ್ನ ಮಗನ್ನ ತಿಂದ್ಕೊಂಡವಳು ಅಂತ ಬಂದವರ ಹತ್ತಿರ ಎಲ್ಲ ಹೇಳೋರು. ಉಪಾಯ ಹೇಳಿಕೊಟ್ಟವನೇ ಮೆಕ್ಯಾನಿಕ್ ಅಂತ ಸೊಸೆ ಎಷ್ಟು ಸಲ ಹೇಳಿದ್ರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಕೊನೆಗೆ ನರ್ಸಮ್ಮ, ಕಾರು ಮಾರಿ ಎಲ್ಲಾದ್ರೂ ಹೊರಟುಹೋಗ್ತೀನಿ ಅನ್ನೋ ತನಕ ಬಂದಿದ್ರು. ಪಾನಾಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದ. ನನ್ನ ತಮ್ಮನೇ, ಆದ್ರೂ ಹೇಳ್ತೀನಿ, ಹೇಡಿತನ ಅದು.

ಈಗ ಆ ರಾತ್ರಿಗೆ ಬರ್ತೀನಿ. ಬೆಳಿಗ್ಗೆ ಮೇಷ್ಟ್ರ ಕಾರು ಕೊಳ್ಳೋರು ಬರೋರಿದ್ರು, ತರಿಸಿದ್ದ ಪಂಪು ಪಾನಾ ಹತ್ತಿರಾನೇ ಇದ್ದದ್ದರಿಂದ ಕಾರು ಅವನ ಶೆಡ್ಡಿಗೇ ಬಂದಿತ್ತು. ಪಾನಾ ಹೊಸ ಪಂಪು ಹಾಕಿ ಓಡಿಸಿ ನೋಡೋಕೆ ಹೊರಟ. ತಣ್ಣಗಿರೋವಾಗ ಎಂಥ ಪಂಪಾದ್ರೂ ಕೆಲಸ ಮಾಡುತ್ತೆ, ಅರ್ಧ ಗಂಟೆ ಓಡಿ ಬಿಸಿಯಾದ ಮೇಲೇ ಅದರ ಬಂಡವಾಳ ಗೊತ್ತಾಗೋದು. ಅದಕ್ಕೇ ಬೈಪಾಸ್ ಹಿಡಿದ. ಸುತ್ತು ಹೊಡೆದು ವಾಪಸ್ ಬರೋವಾಗ, ಅದೇ ತಿರುವು. ಪುಸಕ್.

ಕೀ ತಿರುಗಿಸಿದ. ಗುಂಯ್ ಅನ್ನಲಿಲ್ಲ. ಮತ್ತೆ ತಿರುಗಿಸಿದ. ಇಲ್ಲ. ಅವನ ಕೈಯಾರೆ ಕೂರಿಸಿದ ಹೊಸ ಪಂಪು... ಬಾಯಿಗೆ ಬಂದ ಹಾಗೆ ಬೈದ. ಬೈದು ಮುಗಿಸಿದ ಮೇಲೆ ಎಷ್ಟು ನಿಶ್ಶಬ್ದ ಅಂದ್ರೆ, ಬಿಸಿ ಎಂಜಿನ್ ಆರ್ತಾ ಟಿಕ್... ಟಿಕ್... ಅನ್ನೋದು ಕೇಳಿಸ್ತಿತ್ತು.

ಆಗ ಹಿಂದಿನ ಸೀಟಿನ ಕೆಳಗಿಂದ...

ದಬ್. ದಬ್. ದಬ್.

ಗುಂಯ್.

ಅವನ ಕೈ ಅಭ್ಯಾಸಬಲದಿಂದ ಕೀ ತಿರುಗಿಸಿಬಿಡ್ತು. ಎಂಜಿನ್ ಸ್ಟಾರ್ಟ್ ಆಯ್ತು. ಕನ್ನಡೀಲಿ ನೋಡಿದ. ಹಿಂದಿನ ದೀಪದ ಕೆಂಪು ರಸ್ತೆ ಮೇಲೆ ಬಿದ್ದಿತ್ತು, ಅಷ್ಟೇ. ಯಾರೂ ಇಲ್ಲ. ಗೇರಿಗೆ ಕೈ ಹಾಕಿದ. ಅಷ್ಟರಲ್ಲಿ ಎಡಗಡೆ ಮುಂದಿನ ಬಾಗಿಲ ಹಿಡಿಕೆ ಟಕ್ ಅಂತು. ಬಾಗಿಲು ಲಾಕ್ ಆಗಿತ್ತು. ಸ್ವಲ್ಪ ಬಿಟ್ಟು ಇನ್ನೊಂದು ಸಲ, ಮೆಲ್ಲಗೆ... ಟಕ್.

ಪಾನಾ ಕೀ ಕಿತ್ಕೊಂಡು ಬಲಗಡೆಯಿಂದ ಹಾರಿ ಓಡಿದ. ಓಡೋಕೆ ಉಸಿರಿಲ್ಲದಾಗ ನಡೆದ. ಬಾವಿ ಹತ್ತಿರ ಆ ಸದ್ದು ಮತ್ತೆ ಕೇಳಿಸಿದ್ದು ಹೀಗೆ. ಅವನು ಹೋಗಬೇಕಿದ್ದದ್ದು ಅವನ ಮನೆಗೆ. ಕಾಲು ಮಾತ್ರ ಮೇಷ್ಟ್ರ ಮನೆ ಕಡೆ ತಿರುಗಿತು.

ನರ್ಸಮ್ಮ ಎಚ್ಚರವಾಗೇ ಇದ್ರು. ಒಳಗೆ ಅತ್ತೆ ಮಲಗಿದ್ರು. ಬಾಗಿಲ ಸಂದೀಲೇ ಪಿಸುಮಾತಲ್ಲಿ ಎಲ್ಲ ಹೇಳಿದ. ಆಕೆ ಹೆದರಲಿಲ್ಲ, ಅಳಲಿಲ್ಲ.

"ಎಷ್ಟು ಏಟು?"

"ಮೂರು, ಸಿಸ್ಟರ್."

"ಆಮೇಲೆ ಬಾಗಿಲು ತೆಗೆದ್ರಾ?"

"...ಇಲ್ಲ."

"ಅವತ್ತು ನಾನೂ ತೆಗೀಲಿಲ್ಲ," ಅಂದ್ರು.

ಪಾನಾಗೆ ಅರ್ಥ ಆಗಲಿಲ್ಲ. ಆಕೆ ಗೋಡೆಗೆ ಒರಗಿಕೊಂಡು ಹೇಳಿದ್ರು. "ಲಾರಿ ಹೋದ ಗಾಳಿಗೆ ಕಾರು ಅಲ್ಲಾಡ್ತು. ಆಮೇಲೇ ಏಟು ಕೇಳಿಸಿದ್ದು ಅಣ್ಣ. ಲಾರಿ ಹೋದ ಮೇಲೆ. ಸ್ಟಾರ್ಟ್ ಆಯ್ತು, ಬನ್ನಿ ಹತ್ತಿ ಅಂತ ಕರೆದೆ. ಬಾಗಿಲು ಟಕ್ ಅಂತು. ಲಾಕ್ ಇತ್ತು. ನಾನು ಕೈ ಚಾಚೋಷ್ಟರಲ್ಲಿ ಸದ್ದು ನಿಂತುಹೋಯ್ತು. ಇಳಿದು ನೋಡಿದ್ರೆ, ಮೂವತ್ತು ಹೆಜ್ಜೆ ಆಚೆ ಮೋರೀಲಿ ಬಿದ್ದಿದ್ರು. ಲಾರಿ ತಾಗಿದ ಕ್ಷಣಕ್ಕೇ ಜೀವ ಹೋಗಿದೆ ಅಂದ್ರು ಡಾಕ್ಟ್ರು. ಯಾರಿಗೆ ಹೇಳಲಿ ಇದನ್ನ? ಹುಚ್ಚಿ ಅಂತಿದ್ರು."

ಆಮೇಲೆ ಆಕೆ ಟಾರ್ಚ್ ತಗೊಂಡು ಚಪ್ಪಲಿ ಮೆಟ್ಟಿದ್ರು. "ನಡೀರಿ."

"ಈಗಲೇ ಬೇಡ ಸಿಸ್ಟರ್, ಬೆಳಗಾಗಲಿ."

"ಬೆಳಿಗ್ಗೆ ಕಾರು ಯಾರದ್ದೋ ಆಗುತ್ತೆ."

ಹೋದ್ರು. ಬಾವಿ ಹತ್ತಿರ ಏನೂ ಇಲ್ಲ. ಕಾರು ಅವನು ಬಿಟ್ಟ ಹಾಗೇ ಇತ್ತು, ಒಂದು ಬಾಗಿಲು ತೆರೆದುಕೊಂಡು. ನರ್ಸಮ್ಮ ಅವನಿಂದ ಕೀ ಇಸ್ಕೊಂಡು ಎಡಗಡೆಗೆ ಹೋಗಿ, ಲಾಕ್ ಬಿಡಿಸಿ, ಮುಂದಿನ ಬಾಗಿಲನ್ನ ಅಗಲವಾಗಿ ತೆಗೆದು ಪಕ್ಕಕ್ಕೆ ಸರಿದು ನಿಂತರು. ಟಾರ್ಚ್ ಆರಿಸಿದ್ರು.

"ಬನ್ನಿ... ಮನೆಗೆ ಹೋಗೋಣ."

ಪಾನಾ ಮೂರು ಮಾರು ದೂರದಲ್ಲಿದ್ದ. ಅವನಿಗೆ ಏನೂ ಕಾಣಲಿಲ್ಲ. ಇದನ್ನ ಅವನು ಆಣೆ ಮಾಡಿ ಹೇಳ್ತಾನೆ, ಏನೂ ಕಾಣಲಿಲ್ಲ. ಆದ್ರೆ ಅವನು ಮೂವತ್ತು ವರ್ಷದಿಂದ ಕಾರುಗಳ ಅಡೀಲಿ ಮಲಗಿದವನು. ಎಡಗಡೆ ಸ್ಪ್ರಿಂಗ್ ಕಿರ್ರ್ ಅಂದಿದ್ದು ಕೇಳಿಸ್ತು. ಕಾರು ಆ ಕಡೆ ಎರಡು ಬೆರಳಷ್ಟು ಕೆಳಗಿಳೀತು. ಮೇಲೆ ಬರಲಿಲ್ಲ.

ನರ್ಸಮ್ಮ ಮೆಲ್ಲಗೆ ಬಾಗಿಲು ಹಾಕಿ, ಬಂದು ಸ್ಟಿಯರಿಂಗ್ ಹಿಡಿದ್ರು. ಪಾನಾ ಹಿಂದೆ ಕೂತ. ಒಂದೇ ಸಲಕ್ಕೆ ಗುಂಯ್ ಅಂತು, ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು. ದಾರಿ ಉದ್ದಕ್ಕೂ ಪಾನಾ ಮುಂದಿನ ಸೀಟಿನ ಬೆನ್ನನ್ನೇ ನೋಡ್ತಾ ಕೂತಿದ್ದ. ಮೇಷ್ಟ್ರೇ ತಪ್ಪಾಯ್ತು ಅನ್ನಬೇಕು ಅನ್ನಿಸ್ತು.

ಮನೆ ಮುಂದೆ ಕಾರು ನಿಂತಿತು. "ನೀವಿನ್ನು ಹೊರಡಿ ಅಣ್ಣ," ಅಂದ್ರು ನರ್ಸಮ್ಮ. ಅವನು ಹೋಗಬಹುದಿತ್ತು. ಅವನ ಸುಳ್ಳು ಹಿಡಿಯೋರು ಬದುಕಿರೋರಲ್ಲಿ ಈ ಹೆಂಗಸು ಬಿಟ್ಟರೆ ಯಾರೂ ಇರಲಿಲ್ಲ, ಆಕೇನ ನಂಬೋರೂ ಇರಲಿಲ್ಲ.

"ಅಮ್ಮನನ್ನ ಎಬ್ಬಿಸಿ," ಅಂದ ಪಾನಾ.

ಆ ಮುದುಕಿಯ ಮುಂದೆ ನೆಲದ ಮೇಲೆ ಕೂತು ಹೇಳಿದ. ತೆಗೀಬೇಡಿ ಅಂತ ನಾನು ಹೇಳಿರಲಿಲ್ಲ. ಓಡಿಸಿ ಅಂದವನೇ ನಾನು. ಕೆಳಗೆ ಮಲಗಿ ತಟ್ಟೋಕೆ ಹೇಳಿಕೊಟ್ಟವನೂ ನಾನು. ಸಿಸ್ಟರ್‌ದು ಎಳ್ಳಷ್ಟೂ ತಪ್ಪಿಲ್ಲ. ಅಷ್ಟೇ ಹೇಳಿದ. ರಸ್ತೇಲಿ ಆದದ್ದನ್ನ ಅವನೂ ಹೇಳಲಿಲ್ಲ, ನರ್ಸಮ್ಮನೂ ಹೇಳಲಿಲ್ಲ. ಇದನ್ನ ನೆನಪಿಟ್ಕೊಳ್ಳಿ.

ಮುದುಕಿ ಸೊಸೆ ಕಡೆ ಒಂದು ಸಲ ತಿರುಗಿ ನೋಡಿದ್ರು. "ನಿನ್ನ ಮಾತು ನಂಬಿ ಎರಡು ತಿಂಗಳು ಇವಳ ಮುಖ ನೋಡಿಲ್ಲ ನಾನು," ಅಂದ್ರು. "ಎದ್ದು ಹೋಗು. ಇನ್ನು ಈ ಮೆಟ್ಟಿಲು ಹತ್ತಬೇಡ."

ಹತ್ತಿಲ್ಲ, ಇವತ್ತಿನ ತನಕ. ಎದುರಿಗೆ ಸಿಕ್ಕರೆ ಈಗಲೂ ತಲೆ ತಗ್ಗಿಸ್ತಾನೆ. ಗಿರಾಕಿಗಳಿಗೆ ಉಪಾಯ ಹೇಳೋದಂತೂ ಬಿಟ್ಟೇಬಿಟ್ಟ. ಆಗಲ್ಲ ಅಂದ್ರೆ ಆಗಲ್ಲ ಅಂತಾನೆ, ಅವರು ಬೈಕೊಂಡು ಹೋಗ್ತಾರೆ.

ಕಾರು ಮಾರಲಿಲ್ಲ. ಒಂದು ವಾರ ಆಗಿರಬೇಕು, ನರ್ಸಮ್ಮ ಅತ್ತೇನ ಕಣ್ಣಿನ ಡಾಕ್ಟ್ರ ಹತ್ತಿರ ಕರ್ಕೊಂಡು ಹೋಗೋಕೆ ಹೊರಟಿದ್ರು. ಎದುರುಗಡೆ ಅಂಗಡಿ ಹತ್ತಿರ ಪಾನಾ ನಿಂತಿದ್ದ, ಅವನ ಪಕ್ಕದಲ್ಲಿ ನಾನೂ ಇದ್ದೆ. ಹಾಡಹಗಲು, ಬೆಳಿಗ್ಗೆ ಹತ್ತು ಗಂಟೆ. ಮುದುಕಿ ಬಂದು ಎಡಗಡೆ ಮುಂದಿನ ಬಾಗಿಲು ತೆಗೆದ್ರು. ಹಾಗೇ ನಿಂತರು. ಸ್ವಲ್ಪ ಬಗ್ಗಿ, ಖಾಲಿ ಸೀಟಿನ ಕಡೆ ಕೈ ಚಾಚಿದ್ರು. ಆಮೇಲೆ ಸದ್ದಾಗದ ಹಾಗೆ ಬಾಗಿಲು ಹಾಕಿ, ಹಿಂದಿನ ಬಾಗಿಲು ತೆಗೆದು ಹತ್ತಿದ್ರು.

"ಯಾಕತ್ತೆ, ಮುಂದೇನೇ ಕೂತ್ಕೊಳ್ಳಿ," ಅಂದ್ರು ಸೊಸೆ.

"ಇರಲಿ ಬಿಡಮ್ಮ. ಅವನು ಕೂತಿರಲಿ, ನಾನು ಹಿಂದೇನೇ ಬರ್ತೀನಿ."

ಆಕೆಗೆ ಯಾರೂ ಏನೂ ಹೇಳಿರಲಿಲ್ಲ. ನಾನು ನನ್ನ ಕಿವಿಯಾರೆ ಕೇಳಿಸ್ಕೊಂಡಿದ್ದು ಇದು.