ವಿಧವೆಯ ಮಾತು

ನಾಟಕ ಮುಗಿದಿತ್ತು. ಥೇಮ್ಸ್ ನದಿ ದಾಟಲು ದೋಣಿಗೆ ಕಾಯುತ್ತಿದ್ದೆವು. ನನ್ನ ಮುಂದೆ ಇಬ್ಬರು ನಾಟಕಕಾರರು, ಆಂಬ್ರೋಸ್ ಮತ್ತು ಹಂಫ್ರಿ. ಆಂಬ್ರೋಸ್ ಕುದಿಯುತ್ತಿದ್ದ.

"ಇವತ್ತಿನ ಆಟದಲ್ಲಿ ಆ ವಿಧವೆ ಆಡಿದ ಮಾತು ನಂದು ಕಣೋ. ಬಾರ್ನಬಿ ಕದ್ದು ತನ್ನ ನಾಟಕಕ್ಕೆ ಹಾಕ್ಕೊಂಡಿದಾನೆ."

"ನೀನು ಅದನ್ನ ಇಟಲಿಯವರ ಪುಸ್ತಕದಿಂದ ಎತ್ತಿದ್ದಲ್ವಾ?"

"ಎಲ್ಲರೂ ಎತ್ತೋದೇ. ಮೊದಲು ಎತ್ತಿದ್ದು ನಾನು."

"ನಿನ್ನ ನಾಟಕ ಎರಡೇ ಆಟಕ್ಕೆ ನಿಂತೋಯ್ತು. ಯಾರಿಗೆ ನೆನಪಿದೆ, ಬಿಡು."

"ಹೊಟ್ಟೆ ಉರಿಯೋದು ಅದಕ್ಕಲ್ಲ. ನನ್ನ ನಾಟಕದ ವಿಧವೆ ಇದೇ ಮಾತಾಡುವಾಗ ಜನ ಕಟಕಟ ಅಂತ ಹೇಜಲ್ ಬೀಜ ಕಡೀತಾ ಇದ್ರು. ಇವತ್ತು ಒಬ್ಬನೂ ಬಾಯಾಡಿಸಲಿಲ್ಲ. ಸೇಬು ಮಾರೋಳು ಬುಟ್ಟಿ ಕೆಳಗಿಟ್ಟು ಅತ್ಲು."

"ಮತ್ತೆ ನಿನ್ನ ಕಣ್ಯಾಕೆ ಕೆಂಪಾಗಿದೆ?"

ಆಂಬ್ರೋಸ್ ನದಿಯ ಕಡೆ ತಿರುಗಿದ.

"ದೋಣಿ ಬಂತು, ನಡಿ."