ಬಲ ಹೆಗಲ ಸೆರಗು

ಇದನ್ನು ಹಗಲಿನಲ್ಲಿ ಒಂದೆರಡು ಸಲ ಹೇಳಲು ನೋಡಿದ್ದೇನೆ. ಕೇಳಿದವರು ನಕ್ಕರು. ಅದಕ್ಕೆ ಈಗ ರಾತ್ರಿಯೇ ಹೇಳುತ್ತೇನೆ. ಕಂದೀಲು ಸ್ವಲ್ಪ ಸಣ್ಣ ಮಾಡಿ... ಸಾಕು.

ನಡೆದದ್ದು ನನ್ನ ದೊಡ್ಡಪ್ಪನ ಮಗ ಸಾತಪ್ಪಣ್ಣನಿಗೆ. ಬೆಳಗಾವಿಯ ವಡಗಾವಿಯಲ್ಲಿ ಮಗ್ಗ ಹಾಕಿಕೊಂಡಿದ್ದ. ೧೯೮೦ನೇ ಇಸವಿ, ಚಳಿಗಾಲ.

ಸಿನಿಮಾದ ಎರಡನೇ ಆಟ ಬಿಟ್ಟಿತ್ತು. ಮೂವರು ನಡೆದು ಮನೆಗೆ ಬರುತ್ತಿದ್ದರು. ಮುಂದೆ ಸಾತಪ್ಪಣ್ಣ ಮತ್ತು ಅವನ ಗೆಳೆಯ ತವನಪ್ಪ, ಸೈಕಲ್ ಅಂಗಡಿಯವನು. ಹಿಂದೆ ಅಣ್ಣನ ಹೆಂಡತಿ ಗೌರವ್ವ ವೈನಿ. ಶಹಾಪುರ ದಾಟಿ ವಡಗಾವಿಯ ಸಂದಿಗೆ ತಿರುಗುವಲ್ಲಿ ಆಗ ಒಂದು ಬಾವಿ ಇತ್ತು. ಈಗ ಮುಚ್ಚಿದ್ದಾರೆ. ಮಗ್ಗಗಳೆಲ್ಲ ಮಲಗಿದ್ದವು. ಕೇಳುತ್ತಿದ್ದದ್ದು ಎರಡೇ ಸಪ್ಪಳ. ಗಂಡಸರ ಚಪ್ಪಲಿಯ ಚಟ್ ಚಟ್. ವೈನಿಯ ಕಾಲುಂಗುರ ಹಾಸುಗಲ್ಲಿಗೆ ತಾಗುವ ಸಣ್ಣ ಟಿಣ್... ಟಿಣ್...

ಬಾವಿಯ ಹತ್ತಿರ ಬಂದಾಗ ಆ ಟಿಣ್ ಮುಂದಿನಿಂದ ಕೇಳಿಸಿತು.

ಅಣ್ಣ ನಿಂತ. ತವನಪ್ಪನೂ ನಿಂತ. ಮುಂದೆ ಬರೀ ಕತ್ತಲೆ. ಟಿಣ್... ಟಿಣ್... ಯಾರೋ ಅವರಿಗಿಂತ ಮುಂಚೆ ಅವರ ಮನೆಯ ಕಡೆಗೇ ನಡೆದು ಹೋಗುತ್ತಿದ್ದ ಹಾಗೆ. ಅಣ್ಣ ಹೊರಳಿ ನೋಡಿದ. ವೈನಿ ಹಿಂದೆಯೇ ಇದ್ದಳು. ಅಲುಗದೆ ನಿಂತಿದ್ದಳು.

"ಯಾಕ್ರೀ, ಯಾಕ ನಿಂತ್ರಿ?"

"ನೀ ಈಗ ನಡೀತಿದ್ದೇನು?"

"ನೀವು ನಿಂತ್ರಿ, ನಾನೂ ನಿಂತೆ."

ಟಿಣ್... ಸಂದಿಯ ಒಳಗೆ ಹೋಯಿತು. ಆಮೇಲೆ ಇಲ್ಲ.

ತವನಪ್ಪ ಅಣ್ಣನ ಕೈ ಹಿಡಿದು ಪಿಸುಗುಟ್ಟಿದ: "ನಡಿ ಸಾತ್ಯಾ. ಏನೂ ಮಾತಾಡಬ್ಯಾಡ."

ಬೇರೆ ರಾತ್ರಿಯಾಗಿದ್ದರೆ ಇಬ್ಬರೂ ಬೆಕ್ಕೋ ಹೆಗ್ಗಣವೋ ಎಂದು ನಕ್ಕು ಮುಂದೆ ಹೋಗುತ್ತಿದ್ದರು. ಆ ರಾತ್ರಿ ನಗಲಿಲ್ಲ. ಸಿನಿಮಾದ ಪರದೆಯ ಮೇಲೆ ಒಂದನ್ನು ಕಂಡು ಬಂದಿದ್ದರು. ಅದನ್ನು ಹೇಳಬೇಕು.

ಈ ಇಬ್ಬರಿಗೂ ಸಿನಿಮಾದ ಹುಚ್ಚು. ಹೊಸದು ಬಂದರೆ ಬಿಡುತ್ತಿರಲಿಲ್ಲ. ಆದರೆ ಕತೆಗಾಗಿ ಅಲ್ಲ, ತಪ್ಪು ಹುಡುಕಲು. ಹುಡುಕುವವನು ಸಾತಪ್ಪಣ್ಣ. ಅದು ತಪ್ಪಲ್ಲ ಎಂದು ವಾದಿಸುವವನು ತವನಪ್ಪ. ಪಂದ್ಯ ಒಂದು ಚಹಾ. ತವನಪ್ಪ ಜೈನರವನು, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಹಾಗಾಗಿ ರಾತ್ರಿ ಗೆದ್ದ ಚಹಾವನ್ನು ಬೆಳಗ್ಗೆ ಕುಡಿಯುತ್ತಿದ್ದ. ಅಷ್ಟರಲ್ಲಿ ಅಣ್ಣ ಹೊಸ ವಾದ ಹುಡುಕಿಕೊಂಡು ಬಂದಿರುತ್ತಿದ್ದ.

ಒಮ್ಮೆ ನಾನೂ ಜೊತೆಗಿದ್ದೆ. ಹಳೆಯ ಕಾಲದ ರಾಜನ ಕತೆ. ರಾಜ ಕೈ ಎತ್ತಿದ. ಮಣಿಕಟ್ಟಿನಲ್ಲಿ ಗಡಿಯಾರ ಬಿಚ್ಚಿದ ಬಿಳಿ ಪಟ್ಟಿ.

"ತಪ್ಪು!" ಅಣ್ಣ ಕೂಗಿದ.

"ಎಲ್ಲೀ ತಪ್ಪೋ? ಕಾಡಿಗೆ ಹೊಂಟಾನಲ್ಲೋ ಪಾಪ, ಕಡಗ ಬಿಚ್ಚಿ ಕೊಟ್ಟಾನ. ಅದರ ಗುರುತು."

"ಅಲ್ಲಲೇ ತವನ್ಯಾ, ಕಡಗದ ಗುರುತು ನಡುವ ದುಂಡಗ ಇರತದೇನೋ? ಡಬ್ಬಿ ಇಟ್ಟಂಗ?"

"ಕಡಗಕ್ಕ ರತ್ನ ಇತ್ತು. ರಾಜ ಅಂವ. ನಿನ್ನಂಗ ನೇಕಾರ ಅಲ್ಲ."

ಹಿಂದಿನವರು ಬೈದರು: "ಕುಂದರ್ರೋ ಮಾರಾಯ್ರ, ರಾಜಾ ಕಾಡಿಗೆ ಹೋಗ್ಲಿ!"

ಅಣ್ಣನ ಮಾತು ಯಾವಾಗಲೂ ಒಂದೇ. "ಎಳಿ ತಪ್ಪಿತಂದ್ರ ತಪ್ಪಿತು. ಅದಕ್ಕ ಅರ್ಥ ಹಚ್ಚಬಾರದು." ತವನಪ್ಪನದೂ ಒಂದೇ. "ಅಷ್ಟು ಮಂದಿ ಕೂಡಿ ಮಾಡಿರ್ತಾರ. ಒಬ್ಬಂವರ ನೋಡಿರಂಗಿಲ್ಲೇನು? ಏನೋ ಇರತದ, ಅದಕ್ಕ ಬಿಟ್ಟಿರ್ತಾರ."

ಈಗ ಆ ಸಿನಿಮಾದ ವಿಷಯ.

ಅದರ ಹಿಂದಿನ ವರ್ಷ ಖಾನಾಪುರದ ಸ್ಟೇಷನ್ನಿಗೆ ಸಿನಿಮಾದವರು ಬಂದಿದ್ದರು. ನಾನು ಆಗಲೇ ಖಾನಾಪುರದ ಶಾಲೆಯಲ್ಲಿ ಮಾಸ್ತರ. ನಾಯಕ ಮಿಲಿಟರಿಗೆ ಹೋಗುತ್ತಾನೆ, ಊರಿನವರು ರೈಲಿಗೆ ಕೈ ಬೀಸಬೇಕು. ಗೌರವ್ವ ವೈನಿ ದೀಪಾವಳಿಗೆ ನಮ್ಮ ಮನೆಗೆ ಬಂದಿದ್ದಳು. ಅವಳೂ ನನ್ನ ಹೆಂಡತಿ ಅಕ್ಕವ್ವನೂ ನೋಡಲು ಹೋದರು. ಬೆಂಗಳೂರಿನ ಹುಡುಗನೊಬ್ಬ "ಹೆಂಗಸ್ರು ಮುಂದೆ ಬನ್ನಿ" ಎಂದು ಕೂಗಿದ. ಅಲ್ಲಿದ್ದವರಲ್ಲಿ ಹೆಚ್ಚಿನವರು ಮರಾಠಿಯವರು, ಯಾರೂ ಕದಲಲಿಲ್ಲ. ಇವರಿಬ್ಬರೇ ಮುಂದೆ ಹೋದರು. ಸ್ಟೇಷನ್ನಿನ ಹೆಸರು ಬರೆದ ಫಲಕದ ಕೆಳಗೆ ಅಕ್ಕಪಕ್ಕ ನಿಂತರು. ನಾನು ಕ್ಯಾಮೆರಾದ ಹಿಂದೆ ಮಕ್ಕಳನ್ನು ಹಿಡಿದುಕೊಂಡು ಎದುರಿಗೇ ನಿಂತಿದ್ದೆ. ಇಬ್ಬರ ಸೆರಗೂ ಎಡ ಹೆಗಲ ಮೇಲಿಂದ ತಲೆಗೆ ಬಂದಿತ್ತು. ನೋಡಿದ್ದೇನೆ. ಇದನ್ನು ನೆನಪಿಡಿ.

ನಮ್ಮ ಮನೆತನದ ಹೆಣ್ಣುಮಕ್ಕಳು ಸೆರಗನ್ನು ಎಡಕ್ಕೇ ಹೊರುವುದು. ಬಲಕ್ಕೆ ಹಾಕುವುದು ಒಂದೇ ಸಲ. ಅದನ್ನು ಅವರು ತಾವು ಹಾಕಿಕೊಳ್ಳುವುದಿಲ್ಲ. ತೀರಿಕೊಂಡ ಮೇಲೆ ಬೇರೆಯವರು ಉಡಿಸುತ್ತಾರೆ.

ಆ ಸಿನಿಮಾ ಬೆಳಗಾವಿಗೆ ಬಂದ ದಿನವೇ ಮೂವರೂ ಹೋದರು. ಸ್ಟೇಷನ್ನಿನ ದೃಶ್ಯ ಬಂತು. ರೈಲು ಕೂಗಿತು. ಗೌರವ್ವ ಪರದೆಯ ಮೇಲೆ ಕಂಡಳು, ಕೈ ಬೀಸುತ್ತಾ. ತವನಪ್ಪ ಸೀಟಿ ಹೊಡೆದ. "ವೈನೀ, ನೀವs ನಾಯಕಿ ಆಗಬೇಕಿತ್ತು ಬಿಡ್ರಿ!"

ಅಣ್ಣ ಅಭ್ಯಾಸದಂತೆ ಬಾಯಿ ತೆರೆದ. "ತಪ್..." ಎಂದ. ಪೂರ್ತಿ ಅನ್ನಲಿಲ್ಲ.

ಅವಳ ಸೆರಗು ಬಲ ಹೆಗಲ ಮೇಲಿತ್ತು.

ಆಮೇಲೆ ತವನಪ್ಪ ಮೆಲ್ಲಗೆ: "ಆಪರೇಟರ್ ರೀಲ್ ತಿರುವಿ ಹಾಕ್ಯಾನ. ಎಡಾ ಬಲಾ ಆಗೇತಿ, ಅಷ್ಟs."

"ಹಂಗಾದ್ರ ಫಲಕದ ಅಕ್ಷರ?"

ಫಲಕದ ಮೇಲೆ ಖಾನಾಪುರ ಎಂದು ಸರಿಯಾಗಿಯೇ ಓದಲು ಬರುತ್ತಿತ್ತು. ಪಕ್ಕದಲ್ಲಿದ್ದ ಅಕ್ಕವ್ವನ ಸೆರಗು ಎಡಕ್ಕೇ ಇತ್ತು. ತಿರುವಾದದ್ದು ಒಬ್ಬಳೇ.

ವೈನಿಗೆ ನಗು ಬಂತು. "ನಾ ಯಾಕ ಬಲಕ್ಕ ಹೊರಲಿ? ನಾನೇನ್ ಸತ್ತೇನ?"

ಅಣ್ಣ ನಗಲಿಲ್ಲ. ಇದಾದ ಮೇಲೆ ಬಾವಿಯ ಹತ್ತಿರ ಆ ಕಾಲುಂಗುರ ಕೇಳಿಸಿದ್ದು.

ಮರುದಿನದಿಂದ ಇಬ್ಬರೂ ಅದೇ ಸಿನಿಮಾಕ್ಕೆ ದಿನಾಲೂ ಹೋಗತೊಡಗಿದರು. ಈಗ ವಾದ ತಿರುವಾಗಿತ್ತು. ಜೀವಮಾನವೆಲ್ಲ ತಪ್ಪಲ್ಲ ಎಂದ ತವನಪ್ಪ ಅಣ್ಣನ ಕೈ ಹಿಡಿದುಕೊಂಡು ಹೇಳುತ್ತಿದ್ದ: "ತಪ್ಪೋ ಸಾತ್ಯಾ, ಬರೇ ತಪ್ಪು. ಎಷ್ಟು ಸಿನಿಮಾದಾಗ ನೀನs ಹಿಡದಿಲ್ಲ? ಹಂಗs ಇದೊಂದು." ಸಾತಪ್ಪಣ್ಣ ತಲೆ ಅಲ್ಲಾಡಿಸುತ್ತಿದ್ದ. "ಅಷ್ಟು ಮಂದಿ ಕೂಡಿ ಮಾಡ್ಯಾರಲ್ಲೋ. ಒಬ್ಬಂವರ ನೋಡಿರಂಗಿಲ್ಲೇನು?"

"ಅದು ನನ್ನ ಮಾತಲೇ. ನನಗ ತಿರುಗಿಸಿ ಕೊಡಬ್ಯಾಡ."

"ನೀ ಗೆದ್ದಿ ತವನಪ್ಪ. ನಾಳೆ ಚಹಾ ಕುಡಿ."

"ನನಗ ಬ್ಯಾಡೋ ನಿನ್ನ ಚಹಾ..." ತವನಪ್ಪ ಅತ್ತುಬಿಟ್ಟನಂತೆ, ಥೇಟರಿನ ಬಾಗಿಲಲ್ಲಿ.

ಆ ವಾರ ನಾನು ಬೆಳಗಾವಿಗೆ ಹೋದೆ. ಅಣ್ಣ ನನ್ನನ್ನು ಆಪರೇಟರನ ಕೋಣೆಗೆ ಕರೆದುಕೊಂಡು ಹೋದ. "ಮಾಸ್ತರ ಅದಿ, ನಾಕು ಮಾತು ಚಂದಂಗ ಹೇಳು. ಆ ತುಂಡು ಕತ್ತರಿಸಿ ಒಗಿಯಾಕ ಹೇಳು." ಒಳಗೆ ಸೆಕೆ, ದೀಪದ ಕಾರ್ಬನ್ ಕಡ್ಡಿ ಸುಟ್ಟ ವಾಸನೆ. ಮೆಷೀನು ಕರ್‌ರ್‌ರ್ ಎನ್ನುತ್ತಿತ್ತು. ಆಪರೇಟರ್ ಭರಮಪ್ಪ ಒಳ್ಳೆಯವನು. "ರೀಲಿನ ಡಬ್ಬಿ ನಮ್ಮದಲ್ರೀ ಮಾಸ್ತರ, ಕತ್ತರಿಸಾಕ ಬರೂದಿಲ್ಲ. ಬೇಕಾದ್ರ ತೋರಸ್ತೀನಿ," ಎಂದ. ಆಟ ಮುಗಿದ ಮೇಲೆ ಆ ರೀಲನ್ನು ಬಿಚ್ಚಿ ದೀಪದ ಮುಂದೆ ಹಿಡಿದ. ಭೂತಗನ್ನಡಿ ಕೊಟ್ಟ. ಅಣ್ಣ ನೋಡಿದ. ನಾನು ನೋಡಿದೆ.

ಸಣ್ಣ ಸಣ್ಣ ಚಿತ್ರ, ಒಂದರ ಕೆಳಗೊಂದು. ಪ್ರತಿಯೊಂದರಲ್ಲೂ ಗೌರವ್ವನ ಸೆರಗು ಎಡ ಹೆಗಲ ಮೇಲೇ ಇತ್ತು.

ಅಣ್ಣನ ಮುಖ ಬಿಚ್ಚಿಕೊಂಡಿತು. "ನಮ್ಮ ಕಣ್ಣಿಂದs ತಪ್ಪು!" ಎಂದ. ಭರಮಪ್ಪನ ಕಾಲು ಮುಟ್ಟಲು ಹೋದ. ಮುಂದಿನ ಆಟ ಶುರುವಾಯಿತು. ನಾವು ಆ ಕೋಣೆಯ ಕಿಂಡಿಯಿಂದಲೇ ನೋಡಿದೆವು. ಅದೇ ರೀಲು. ಅದೇ ರೈಲು.

ಬಲಕ್ಕೆ ಇತ್ತು.

ಭರಮಪ್ಪನೂ ನೋಡಿದ. ಕಿಂಡಿ ಬಿಟ್ಟು ಹಿಂದೆ ಸರಿದ. ಮೆಷೀನು ಕರ್‌ರ್‌ರ್ ಎನ್ನುತ್ತಲೇ ಇತ್ತು. "ಏನ್ ಕತ್ತರಿಸ್ಲಿ, ಅಣ್ಣಾ?" ಎಂದ. ಕತ್ತರಿಸುವಂಥದ್ದು ಆ ಪಟ್ಟಿಯ ಮೇಲೆ ಏನೂ ಇರಲಿಲ್ಲ.

ಅಣ್ಣ ವೈನಿಯನ್ನು ಡಾಕ್ಟರಿಗೆ ತೋರಿಸಿದ. ಡಾಕ್ಟರು ಗಟ್ಟಿಮುಟ್ಟಾಗಿದ್ದಾಳೆ ಎಂದರು. ಆದರೂ ಅಣ್ಣ ಅವಳನ್ನು ನೀರಿಗೆ ಹೋಗಗೊಡಲಿಲ್ಲ, ಒಲೆಯ ಮುಂದೆ ಒಬ್ಬಳನ್ನೇ ಬಿಡಲಿಲ್ಲ. ರಸ್ತೆ ದಾಟುವಾಗ ರಟ್ಟೆ ಹಿಡಿಯುತ್ತಿದ್ದ. ವೈನಿ ಓಣಿಯವರ ಮುಂದೆ ನಾಚುತ್ತಿದ್ದಳು. "ಬಿಡ್ರೀ, ನಾನೇನ್ ಹಾಲುಗೂಸೇನು?" ಅವನು ರಾತ್ರಿ ಎಚ್ಚರಿದ್ದು ಅವಳ ಉಸಿರು ಕೇಳುತ್ತಾ ಕೂರುತ್ತಿದ್ದ. ಮಗ್ಗದ ಕೆಲಸ ನಿಂತಿತು.

ಯುಗಾದಿಗೆ ಮುಂಚೆ ವೈನಿಗೆ ಕಾಮಾಲೆ ಆಯಿತು. ಕಣ್ಣು ಹಳದಿ. ಸೊಪ್ಪಿನ ಔಷಧ, ದವಾಖಾನೆ, ಎಲ್ಲ ಮಾಡಿದರು. ಹೋದಳು.

ಆ ಸಿನಿಮಾ ಅಷ್ಟರಲ್ಲಿ ಬೆಳಗಾವಿ ಬಿಟ್ಟು ಹೋಗಿತ್ತು.

ಇಲ್ಲಿಗೆ ಅಣ್ಣನ ಕತೆ ಮುಗಿಯಿತು. ನಾನು ಹಗಲಿನಲ್ಲಿ ಹೇಳಿದಾಗಲೂ ಇಲ್ಲಿಗೇ ನಿಲ್ಲಿಸಿದ್ದೆ. ಉಳಿದದ್ದನ್ನು ಇಂದು ಹೇಳುತ್ತೇನೆ.

ಮರುವರ್ಷ ಬೇಸಿಗೆಯಲ್ಲಿ ಖಾನಾಪುರಕ್ಕೆ ಟೆಂಟ್ ಸಿನಿಮಾ ಬಂತು. ಅದರಲ್ಲಿ ಈ ಸಿನಿಮಾ ಹಾಕಿದರು. ನಮ್ಮ ಸ್ಟೇಷನ್ ಇದೆಯೆಂದು ಊರೇ ಹೋಯಿತು. ಅಕ್ಕವ್ವ ಬರಲಿಲ್ಲ. "ಗೌರಕ್ಕನ್ನ ನೋಡಾಕ ನನ್ನ ಕಡೆ ಆಗೂದಿಲ್ರಿ. ನೀವು ಹೋಗ್ರಿ, ಹೆಂಗ ಕಾಣಸ್ತಾಳ ಬಂದು ಹೇಳ್ರಿ."

ಹೋದೆ. ನೆಲದ ಮೇಲೆ, ಕಂಬದ ಪಕ್ಕ ಕೂತೆ. ಗಾಳಿಗೆ ಪರದೆ ಪಟ್ ಪಟ್ ಎನ್ನುತ್ತಿತ್ತು. ಸ್ಟೇಷನ್ ಬಂತು. ರೈಲು ಕೂಗಿತು. ಗೌರವ್ವ ವೈನಿ ಕೈ ಬೀಸಿದಳು.

ಸೆರಗು ಎಡಕ್ಕೆ ಇತ್ತು. ಎಲ್ಲರಂತೆ, ಸರಿಯಾಗಿ. ನನಗೆ ಎಷ್ಟು ಸಮಾಧಾನವಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಸಾತಪ್ಪಣ್ಣನಿಗೆ ಹೇಳಬೇಕು ಅಂದುಕೊಂಡೆ, ಎಲ್ಲ ಸರಿಯಾಗಿದೆ ಎಂದು ಹೇಳಬೇಕು ಅಂದುಕೊಂಡೆ...

ಆಮೇಲೆ ಅವಳ ಪಕ್ಕದಲ್ಲಿ ನಿಂತಿದ್ದ ಅಕ್ಕವ್ವನನ್ನು ನೋಡಿದೆ.

ಮನೆಗೆ ಬರುವಾಗ ಮಂದಿ ಜೊತೆಗಿದ್ದರು, ಮಾತಾಡುತ್ತಿದ್ದರು. ನನಗೆ ಕೇಳಿಸಿದ್ದು ಒಂದೇ. ನಮ್ಮ ಓಣಿ ತಿರುಗಿದಲ್ಲಿಂದ, ನನ್ನ ಮುಂದೆ... ಟಿಣ್... ಟಿಣ್... ನಮ್ಮ ಬಾಗಿಲ ತನಕ.

ಅಕ್ಕವ್ವ ಎಚ್ಚರಿದ್ದಳು. ಕಂದೀಲು ಎತ್ತಿ ಹಿಡಿದಳು. ಸೆರಗು ಎಡಕ್ಕೆ, ಇದ್ದಲ್ಲೇ ಇತ್ತು.

"ಗೌರಕ್ಕ ಕಂಡ್ಳೇನ್ರಿ?"

"ಕಂಡ್ಳು."

"ಸೆರಗು?"

"ಸರಿ ಐತಿ. ಎಡಕ್ಕs ಐತಿ."

ಅವಳು ಉಸಿರು ಬಿಟ್ಟಳು. "ಅವ್ವಾ... ನೋಡ್ರಿ ಮತ್ತ, ಸುಮ್ನ ಹೆದರಿ ಸತ್ತಿವಿ. ನಾ ಹೆಂಗ ಕಾಣಸ್ತೇನಿ?"

"ಚಂದ ಕಾಣಸ್ತಿ."

"ತಪ್ಪೇನರ ಅದಾವೇನ್ರಿ ಸಿನಿಮಾದಾಗ?"

"ಒಂದೂ ಇಲ್ಲ," ಎಂದೆ.

ಅವಳು ನೀರು ಕೊಟ್ಟಳು. ಕುಡಿದೆ. ಡಾಕ್ಟರು, ದೇವರು, ಹರಕೆ... ಅಣ್ಣ ಮಾಡಿದ್ದೆಲ್ಲವನ್ನೂ ನಾನು ಮಾಡಿದೆ. ಅವಳಿಗೆ ಕಾರಣ ಮಾತ್ರ ಹೇಳಲಿಲ್ಲ. ಕಾರ್ತಿಕದಲ್ಲಿ ಒಂದು ಬೆಳಗ್ಗೆ ಎದೆ ಹಿಡಿದುಕೊಂಡು ಒಲೆಯ ಮುಂದೆ ಕೂತಳು. ಏಳಲಿಲ್ಲ.

ಉಡಿಸಲು ಓಣಿಯ ಹಿರಿಯಳು ಕಾಶವ್ವ ಬಂದಳು. ಸೆರಗನ್ನು ಬಲಕ್ಕೆ ಎಳೆದಾಗ ನಾನು ಒಳಗೆ ಹೋಗಿ ಕೈ ಹಿಡಿದೆ.

"ಎಡಕ್ಕ ಹಾಕ್ರಿ, ಕಾಶವ್ವಾರ."

"ತಪ್ಪಾಕೈತಿ ಮಾಸ್ತರ. ಹಂಗ ಮಾಡಬಾರದು."

"ಆಗ್ಲಿ. ತಪ್ಪs ಆಗ್ಲಿ. ಇದೊಂದು ತಪ್ಪು ಮಾಡ್ರಿ."

ಅವಳು ನನ್ನ ಮುಖ ನೋಡಿದಳು. ಎಡಕ್ಕೆ ಹಾಕಿದಳು. ಮಡಿಕೆ ಸರಿ ಮಾಡಿ ಪಿನ್ ಚುಚ್ಚಿದಳು. ನಾನೇ ಮುಟ್ಟಿ ನೋಡಿದೆ.

ರಾತ್ರಿಯೆಲ್ಲ ಭಜನೆ. ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ನಾನು ಎದುರಿಗೆ ಕೂತಿದ್ದೆ. ಸಾತಪ್ಪಣ್ಣ ಬಂದು ನನ್ನ ಪಕ್ಕ ಕೂತ. ನಾನು ಕಣ್ಣು ಮುಚ್ಚಲಿಲ್ಲ. ಅವನೂ ಮುಚ್ಚಲಿಲ್ಲ. ಅವಳ ಹತ್ತಿರ ಯಾರೂ ಹೋಗಲಿಲ್ಲ. ನಸುಕಿನಲ್ಲಿ ತಾಳದ ಸಪ್ಪಳ ನಿಂತಾಗ ಅಣ್ಣ ನನ್ನ ಮೊಣಕೈ ಮುಟ್ಟಿದ.

ಸೆರಗು ಬಲ ಹೆಗಲ ಮೇಲಿತ್ತು. ಪಿನ್ನೂ ಬಲಕ್ಕೇ ಇತ್ತು, ಕಾಶವ್ವ ಅಲ್ಲೇ ಚುಚ್ಚಿದ ಹಾಗೆ.

ಇದು ನಡೆದದ್ದು. ಸಾತಪ್ಪಣ್ಣ ಇನ್ನೂ ಇದ್ದಾನೆ, ವಡಗಾವಿಯಲ್ಲಿ. ಕೇಳಿ. ಆ ಪಿನ್ನು ನನ್ನ ಹತ್ತಿರವಿದೆ.